ನಕ್ಷೆಗೆ ಹಾಕಬಾರದಿದ್ದ ತೊರೆ

"ಸ್ಟಾಪ್! ಡೋಂಟ್ ಮೂವ್!"

ಆ ಕೂಗಿಗೆ ವೇದಾವತಿ ಬೆಚ್ಚಿಬಿದ್ದಳು. ಬೆಚ್ಚಿದ್ದಷ್ಟೇ ಅಲ್ಲ, ಪಾಚಿಗಟ್ಟಿದ ಕಲ್ಲಿನ ಮೇಲಿಂದ ಕಾಲು ಜಾರಿ ನಡುನೀರಿನಲ್ಲಿ ದೊಪ್ಪನೆ ಕೂತೇಬಿಟ್ಟಳು!

ಅಕ್ಟೋಬರ್ ತಿಂಗಳ ನೀರು. ಬೆಟ್ಟದಿಂದ ಇಳಿದು ಬಂದ ಆ ತಣ್ಣೀರು ಸೊಂಟಕ್ಕೆ ತಾಗಿದ್ದೇ ತಡ, ಅವಳ ಉಸಿರು ನಿಂತಂತಾಯಿತು. ಫೋನ್ ಹಿಡಿದ ಕೈಯೊಂದನ್ನು ಮಾತ್ರ ಮೇಲೆತ್ತಿ, ಹಾಗೇ ಕಣ್ಣು ಕಣ್ಣು ಬಿಟ್ಟಳು.

ಎದುರಿಗೆ, ಮೊಣಕಾಲುದ್ದ ನೀರಿನಲ್ಲಿ ಉದ್ದನೆಯ ತೆಳು ಗಾಳದ ಕೋಲು ಹಿಡಿದು ಒಬ್ಬ ನಿಂತಿದ್ದ. ತಲೆಯ ಮೇಲಿನ ಟೋಪಿ ತೆಗೆದು ಹಣೆ ಚಚ್ಚಿಕೊಂಡ.

"ಹೋತು! ಒಂದು ತಾಸಿಂದ ಆ ಮೀನಿಗೆ ಕಾಯಾಕತ್ತಿದ್ದೆ... ಎಲ್ಲಿಂದ ಬಂದಳೋ ಈ ಹುಚ್ಚಿ!"

ಅವಳ ಕಿವಿ ನೆಟ್ಟಗಾಯಿತು. ಮೆಲ್ಬರ್ನ್‌ನಿಂದ ಇಷ್ಟು ದೂರದ ಕಾಡಿನಲ್ಲಿ... ಕನ್ನಡ?

"ಹುಚ್ಚಿ ಅಂದಿದ್ದು ಕೇಳಿಸ್ತು ರೀ!"

ಅವನ ಮುಖ ಬಿಳಿಚಿಕೊಂಡಿತು. ಕೋಲನ್ನು ಅಲ್ಲೇ ಬಂಡೆಗೆ ಒರಗಿಸಿ, ನೀರು ಸೀಳಿಕೊಂಡು ಬಂದು ಕೈ ಚಾಚಿದ.

"ತಪ್ಪಾತ್ರಿ... ನೀವು ನಮ್ಮವರು ಅಂತ ಗೊತ್ತಿರಲಿಲ್ಲ."

"ನಮ್ಮವರಲ್ಲದಿದ್ರೆ ಬೈಬಹುದಾ?"

ಅವನು ನಕ್ಕ. ಕೋಪ ಬರಬೇಕಾಗಿದ್ದ ಜಾಗದಲ್ಲಿ ಅವಳಿಗೂ ನಗು ಬಂತು. ಆ ಕೈ ಹಿಡಿದು ಎದ್ದಳು. ನೀರಿಗಿಂತ ಹೆಚ್ಚು ನಡುಕ ಆ ಕೈಯಿಂದಲೇ ಬಂತೇನೋ ಎಂದು ಆಮೇಲೆ ಎಷ್ಟೋ ದಿನ ಅವಳಿಗೆ ಅನ್ನಿಸಿತು.

ಅವನ ಹೆಸರು ವಿರುಪಾಕ್ಷ. ಹುಬ್ಬಳ್ಳಿಯವನು. ಓದಲೆಂದು ಬಂದು, ಈಗ ಡ್ಯಾಂಡಿನಾಂಗ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಮೇಲ್ವಿಚಾರಕ. ಅವಳು ತುಮಕೂರಿನವಳು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ವಾಸ, ನಾರ್ತ್ ಸಿಡ್ನಿಯಲ್ಲಿ ಕೆಲಸ. ಅವಳ ಕಂಪನಿ ಒಂದು ಹೊಸ ಆ್ಯಪ್ ತಯಾರಿಸುತ್ತಿತ್ತು. ಸಿಡ್ನಿ ಮತ್ತು ಮೆಲ್ಬರ್ನ್‌ನಿಂದ ಎರಡು ಗಂಟೆಯೊಳಗೆ ತಲುಪಬಹುದಾದ, ಟ್ರೌಟ್ ಮೀನು ಸಿಗುವ ಹೊಳೆ-ತೊರೆಗಳ ನಕ್ಷೆ. ಲಿತ್ಗೋ, ಓಬರಾನ್ ಕಡೆಯ ಹೊಳೆಗಳನ್ನು ಮುಗಿಸಿ, ಮೂರು ವಾರಕ್ಕೆಂದು ಇಲ್ಲಿಗೆ ಬಂದಿದ್ದಳು.

"ಮೀನು ಹಿಡಿಯಾಕ ಬರತೈತೇನು ನಿಮಗ?"

"ಇಲ್ಲ... ಗೂಗಲ್ ಮಾಡ್ತೀನಿ."

ಅವನು ಅವಳ ಫೋನ್ ಇಸಿದುಕೊಂಡು ಪಟ್ಟಿ ನೋಡಿದ. ಮೂರನೆಯ ಹೆಸರಿಗೆ ಬರುವಷ್ಟರಲ್ಲಿ ನಗು ತಡೆಯಲಾಗಲಿಲ್ಲ.

"ಇದು ಹೊಳಿ ಅಲ್ರಿ... ಫ್ಯಾಕ್ಟರಿ ಹಿಂದಿನ ಗಟಾರ!"

ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಅವನಿಗೆ ಪಾಪ ಅನ್ನಿಸಿತೇನೋ...

"ಶನಿವಾರ ನಾ ಹೆಂಗೂ ಬರತೀನಿ. ಬರ್ರಿ, ತೋರಸ್ತೀನಿ."

ಹಾಗೆ ಶುರುವಾಯಿತು.

ಅವನು ಅವಳಿಗೆ ನೀರನ್ನು ನೋಡುವುದು ಕಲಿಸಿದ. ನೊರೆ ಸಾಲಾಗಿ ತೇಲುವ ಕಡೆ ಮೀನು ಕಾಯುತ್ತಿರುತ್ತದೆ. ನೆರಳು ನೀರಿನ ಮೇಲೆ ಬೀಳಬಾರದು. ಹಕ್ಕಿಯ ಪುಕ್ಕ, ದಾರ ಸುತ್ತಿ ಮಾಡಿದ ಹುಸಿ ನೊಣವನ್ನು, ನಿಜವಾದ ನೊಣ ಬಂದು ಕೂತಂತೆ ಮೆಲ್ಲಗೆ ಇಳಿಸಬೇಕು. ಅವಳ ನೊಣ ಮಾತ್ರ ಪ್ರತಿಸಲವೂ ಹಿಂದಿನ ಮರಕ್ಕೇ ಸಿಕ್ಕಿಕೊಳ್ಳುತ್ತಿತ್ತು!

ಸಿಕ್ಕ ಮೀನನ್ನು ಅವನು ಒದ್ದೆ ಅಂಗೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಉಸಿರು ಬರುವ ತನಕ ನೀರಿನಲ್ಲೇ ಆನಿಸಿಕೊಂಡು ಬಿಟ್ಟುಬಿಡುತ್ತಿದ್ದ.

"ತಿನ್ನಲ್ವಾ?"

"ಅವ್ವಗ ಗೊತ್ತಾದ್ರ ಮನಿ ಒಳಗ ಸೇರಸಂಗಿಲ್ರಿ."

"ಮತ್ತೆ ಯಾಕೆ ಬರ್ತೀರಾ?"

ಅವನು ಗಾಳದ ದಾರ ಸುತ್ತಿಕೊಂಡ. "ಆರು ವರ್ಷ ಪಿಆರ್, ಇಲ್ಲೇ ಕಾಯಂ ಇರೂ ಪರವಾನಗಿ, ಬರಲಿಲ್ರಿ. ಮನ್ಯಾಗ ಕುಂತ್ರ ಬರೇ ಇಮೇಲ್ ನೋಡಕೋಂತ ಕುಂದರತಿದ್ದೆ. ಹುಚ್ಚ ಹಿಡಿಯೂದೊಂದು ಬಾಕಿ. ಇಲ್ಲಿ ಸಿಗ್ನಲ್ ಇಲ್ಲ ನೋಡ್ರಿ... ಅದಕ್ಕ ಬಂದೆ."

ಅವಳು ನಗಲಿಲ್ಲ. ಅವಳಿಗೂ ಆ ಇಮೇಲ್‌ಗಳು ಗೊತ್ತಿದ್ದವು.

ಮೂರನೆಯ ಶನಿವಾರ ಅವನು ಅವಳನ್ನು ವಾರ್ಬರ್ಟನ್ ದಾಟಿ, ಒಂದು ಹಸುಗಳ ಫಾರ್ಮ್‌ಗೆ ಕರೆದೊಯ್ದ. ಅದರ ಒಡತಿ ಡೋರೀನ್. ಎಪ್ಪತ್ತೆಂಟು ವರ್ಷ, ಮೊಣಕಾಲುದ್ದದ ಬೂಟು, ಮಾತು ಕಡಿಮೆ. ಅವಳ ಹೊಲದ ಗೇಟು ದಾಟಿ ಕೆಳಗಿಳಿದರೆ ಜರೀಗಿಡಗಳ ನಡುವೆ ಒಂದು ಪುಟ್ಟ ತೊರೆ.

"ಯಾವ ನಕ್ಷೆದಾಗೂ ಇದರ ಹೆಸರಿಲ್ಲ. ಡೋರೀನ್ ನನ್ನೊಬ್ಬನ್ನ ಬಿಡತಾಳ. ಗೇಟ್ ಹಾಕಬೇಕು, ಯಾರಿಗೂ ಹೇಳಬಾರದು. ಎರಡೇ ಮಾತು."

"ಹೇಳಲ್ಲ."

"ನಂಬಲ್ಯಾ?"

"ಪ್ರಾಮಿಸ್."

ಆ ದಿನ ಅವಳಿಗೆ ಮೊದಲ ಮೀನು ಸಿಕ್ಕಿತು. ಕಂದು ಮೈ, ಕೆಂಪು ಚುಕ್ಕೆ. ಅದು ಅವಳ ಅಂಗೈಯಿಂದ ಜಾರಲು ನೋಡಿದಾಗ ಅವನ ಅಂಗೈ ಕೆಳಗಿನಿಂದ ಬಂದು ಆಸರೆ ಕೊಟ್ಟಿತು. ಮೀನು ಹೋದ ಮೇಲೂ ಆ ಕೈಗಳು ನೀರಿನೊಳಗೇ ಇದ್ದವು...

ಅವಳು ಸಿಡ್ನಿಗೆ ಮರಳಿದಳು. ದಿನವೂ ಫೋನ್. ಕ್ವೇಕರ್ಸ್ ಹಿಲ್‌ನ ಟ್ರೈನ್ ಹತ್ತಿದೊಡನೆ ಅವನ ದನಿ ಕಿವಿಯಲ್ಲಿರಬೇಕು. ಡಿಸೆಂಬರ್ ಕೂಡ ಹೀಗೇ ಕಳೆದಿದ್ದರೆ ಎಷ್ಟು ಚೆನ್ನಾಗಿತ್ತು!

ಡಿಸೆಂಬರ್‌ನ ಎರಡನೆಯ ವಾರ ಆ್ಯಪ್‌ನ ರಿವ್ಯೂ. ಅವಳ ಮ್ಯಾನೇಜರ್ ಪ್ರಮೋದ್ ಪರದೆಯ ಮೇಲಿನ ನಕ್ಷೆ ನೋಡಿ ತುಟಿ ಕಚ್ಚಿದ.

"ವೇದಾ, ಇದೆಲ್ಲ ಯಾವುದಾದ್ರೂ ಬ್ಲಾಗ್‌ನಲ್ಲಿ ಇದ್ದೇ ಇದೆ. ಹೊಸದು ಏನಿದೆ? ನಿಮ್ಮ ಕಾಂಟ್ರಾಕ್ಟ್ ಎಕ್ಸ್‌ಟೆಂಡ್ ಮಾಡಿ ಅಂತ ನಾನು ಮೇಲೆ ಹೇಗೆ ಕೇಳಲಿ?"

ಎಂಟು ಜನ ಅವಳತ್ತ ನೋಡುತ್ತಿದ್ದರು.

'ಬೇಡ...' ಎಂದಿತು ಮನಸ್ಸು. 'ಒಂದೇ ಒಂದು... ಯಾರು ಅಷ್ಟು ದೂರ ಹೋಗ್ತಾರೆ?' ಎಂದಿತು ಅದೇ ಮನಸ್ಸು.

"ಒಂದಿದೆ," ಎಂದಳು.

ಯಾರೂ ಅವಳ ಕೈ ಹಿಡಿದು ಬರೆಸಲಿಲ್ಲ. ಯಾರೂ ಕದ್ದು ನೋಡಲಿಲ್ಲ. ತಾನೇ ಟೈಪ್ ಮಾಡಿದಳು. ನಕ್ಷೆಯ ಮೇಲೆ ಕೆಂಪು ಗುರುತು ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ವಾರವೇ ಕೆಲಸ ಪರ್ಮನೆಂಟ್ ಆಯಿತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಅವಳು ತನ್ನ ತುಂಡನ್ನು ತಟ್ಟೆಯಲ್ಲೇ ಬಿಟ್ಟಳು.

ಸಂಜೆ ಫೋನಿನಲ್ಲಿ ಸುದ್ದಿ ಕೇಳಿ ವಿರುಪಾಕ್ಷ "ಭಾಳ ಖುಷಿ ಆತ್ರಿ!" ಎಂದಾಗ ಅವಳು ಬೇಗನೆ ಮಾತು ಬದಲಿಸಿದಳು.

ಜನವರಿಯ ಒಂದು ಭಾನುವಾರ ಅವನ ಫೋನ್ ಬಂತು. ಎಂದಿನ ದನಿಯಲ್ಲ.

"ವೇದಾ... ಮೂರು ವಾರದಿಂದ ಡೋರೀನ್ ಹೊಲದಾಗ ಜನ ಬರಾಕತ್ತಾರ. ನಿನ್ನೆ ಯಾರೋ ಗೇಟ್ ತೆರದಿಟ್ಟು ಹೋಗ್ಯಾರ. ದನ ರೋಡಿಗೆ ಬಂದಾವ. ಬಿಸ್ಕೆಟ್ ಅಂತ ಒಂದು ಪಡ್ಡೆ ಆಕಳಿತ್ತಲ್ಲ, ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು... ಕಾರಿಗೆ ಸಿಕ್ಕು ಹೋತು."

ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು.

"ಒಂದು ಕೇಳ್ತೀನಿ. ಆ ಜಾಗ ನೀವು ಯಾರಿಗರ ಹೇಳಿದ್ರೇನು?"

ಹೌದು ಅನ್ನಬೇಕಿತ್ತು. ಎರಡೇ ಅಕ್ಷರ...

"ಇಲ್ಲ," ಎಂದಳು ವೇದಾವತಿ.

"ಆತು," ಎಂದ ಅವನು. ಫೋನ್ ಇಟ್ಟ.

ಮರುದಿನ ಅವನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳಿಗೂ ಮಾಡುವ ಧೈರ್ಯ ಬರಲಿಲ್ಲ. ಅವನು ಬೈದಿದ್ದರೆ ಎದುರು ಮಾತಾಡಬಹುದಿತ್ತು, ಅಳಬಹುದಿತ್ತು. ಆ 'ಆತು' ಎನ್ನುವುದಕ್ಕೆ ಏನೆಂದು ಉತ್ತರ ಕೊಡುವುದು? ಹಲ್ಲುಜ್ಜುವಾಗ ಕನ್ನಡಿಯಿಂದ ಮುಖ ತಿರುಗಿಸುತ್ತಿದ್ದಳು. ಟ್ರೈನಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಎದ್ದು ಬೇರೆ ಬೋಗಿಗೆ ಹೋಗುತ್ತಿದ್ದಳು.

ಫೆಬ್ರವರಿಯ ಮೊದಲ ವಾರ, ಆ್ಯಪ್‌ಗೆ ಬಂದ ಕಾಮೆಂಟ್‌ಗಳನ್ನು ಓದುವುದು ಅವಳ ಸರದಿಯಾಗಿತ್ತು. ಆ ತೊರೆಯ ಗುರುತಿನ ಕೆಳಗೆ ಯಾರೋ ಬರೆದಿದ್ದರು: 'ಈಗ ಗೇಟಿಗೆ ಚೈನ್ ಹಾಕಿದ್ದಾರೆ. ಪಕ್ಕದ ತಂತಿ ಕತ್ತರಿಸಿದರೆ ಸುಲಭ.' ಅದಕ್ಕೆ ಹದಿನಾಲ್ಕು ಲೈಕ್.

ಅವಳು ಎದ್ದು ನೇರ ಪ್ರಮೋದ್ ಮೇಜಿನ ಬಳಿ ಹೋದಳು.

"ನಾನು ನಕ್ಷೆಯಿಂದ ಆ ತೊರೆಯ ಪಿನ್ ತೆಗೀತಿದೀನಿ."

"ಏನು? ಅದು ನಮ್ಮ ಟಾಪ್ ಸ್ಪಾಟ್! ನೀವೇ ಹಾಕಿದ್ದಲ್ವಾ?"

"ಹೌದು. ಕೊಟ್ಟ ಮಾತು ಮುರಿದು ಹಾಕಿದೆ. ಅದು ಒಬ್ಬರ ಹೊಲದ ದಾರಿ. ಒಂದು ಹಸು ಸತ್ತಿದೆ."

ಅವನ ಬಾಯಿ ತೆರೆದೇ ಇತ್ತು. "ಇದನ್ನ ಬರೆದು ಕೊಟ್ರೆ ನಿಮ್ಮ ಕೆಲಸಕ್ಕೇ ಸಂಚಕಾರ, ವೇದಾ."

"ಬರೆದು ಕೊಡ್ತೀನಿ."

ಬರೆದು ಕೊಟ್ಟಳು.

ಶನಿವಾರ ಬೆಳಿಗ್ಗೆಯ ಮೊದಲ ವಿಮಾನ. ಮೆಲ್ಬರ್ನ್‌ನಲ್ಲಿ ಬಾಡಿಗೆ ಕಾರು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಉರುಹೊಡೆದಳು. ಡೋರೀನ್ ಎದುರು ನಿಂತಾಗ ಒಂದೂ ನೆನಪಾಗಲಿಲ್ಲ.

"ನಕ್ಷೆಗೆ ಹಾಕಿದ್ದು ನಾನು," ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು. "ವಿರುಪಾಕ್ಷ ಅಲ್ಲ. ಅವರು ನನ್ನ ನಂಬಿ ಕರೆದುಕೊಂಡು ಬಂದಿದ್ದರು."

ಮುದುಕಿ ಗೇಟಿನ ಮೇಲೆ ಕೈಯೂರಿ ಅವಳನ್ನೇ ನೋಡಿದಳು.

"ಅವನು ಹಾಗೆ ಹೇಳಲಿಲ್ಲವಲ್ಲ. ನೀನು ನಿಂತಲ್ಲೇ ನಿಂತು, ತಪ್ಪು ತನ್ನದು ಅಂದ. ಯಾರ ಹೆಸರೂ ಎತ್ತಲಿಲ್ಲ."

ವೇದಾವತಿ ಗೇಟಿನ ಸರಳು ಹಿಡಿದುಕೊಂಡಳು. ನಾನು ಸುಳ್ಳು ಹೇಳಿ ಬಚ್ಚಿಟ್ಟುಕೊಂಡ ಹೊತ್ತಿನಲ್ಲಿ ಅವನು ಇಲ್ಲಿ ನನ್ನ ಪಾಪ ಹೊತ್ತು ನಿಂತಿದ್ದನೇ? ಅಯ್ಯೋ... ಭೂಮಿ ಬಾಯಿಬಿಡಬಾರದೇ!

"ಅಳುವುದಾದರೆ ಆಮೇಲೆ ಅಳು," ಎಂದಳು ಡೋರೀನ್, ಚೈನ್ ಬಿಚ್ಚುತ್ತಾ. "ಅವನು ಆ ಕೆಳಗೆ ಬೇಲಿ ಕಟ್ಟುತ್ತಿದ್ದಾನೆ. ಪ್ರತಿ ಶನಿವಾರ ಬರುತ್ತಾನೆ. ಒಂದು ದಿನವೂ ಗಾಳದ ಕೋಲು ತಂದಿಲ್ಲ. ನಿನಗೆ ಕ್ಷಮೆ ಇದೆ ಅಂತ ನಾನು ಹೇಳಿಲ್ಲ, ಗೊತ್ತಾಯಿತಾ? ಬಿಸ್ಕೆಟ್ ನನ್ನ ಕೈಯಲ್ಲಿ ಬೆಳೆದವಳು."

"ಗೊತ್ತಾಯಿತು."

"ಹೋಗು."

ಅವನು ಕಂಬ ನೆಡುತ್ತಿದ್ದ. ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿ, ಸುತ್ತಿಗೆ ಕೆಳಗಿಟ್ಟ. ಸೊರಗಿದ್ದ.

"ವಿರುಪಾಕ್ಷ... ನಾನೇ ಹೇಳಿದ್ದು. ನಾನೇ ನಕ್ಷೆಗೆ ಹಾಕಿದ್ದು. ನೀವು ಕೇಳಿದಾಗ ಸುಳ್ಳು ಹೇಳಿದೆ."

"ಗೊತ್ತಿತ್ತು."

"ಯಾವಾಗಿಂದ?"

"ಅವತ್ತ ಗೊತ್ತಿತ್ತು. ನಾವಿಬ್ಬರ ಬಿಟ್ರ ಮತ್ಯಾರಿಗೆ ಗೊತ್ತಿತ್ತರಿ ಈ ಜಾಗ?" ಅವನ ದನಿ ಏರಿತು. "ತಪ್ಪು ಮಾಡಿದ್ದಕ್ಕಲ್ಲ ನಂಗ ಸಿಟ್ಟು ಬಂದಿದ್ದು! ಕೆಲಸದ ಭಯ ಏನಂತ ನಂಗ ಗೊತ್ತಿಲ್ಲೇನು? ನಾ ಬಾಯಿಬಿಟ್ಟು ಕೇಳಿದ್ನಲ್ಲ... ಹೌದು ಅಂದಿದ್ರ ಅವತ್ತ ಇಬ್ಬರೂ ಕೂಡಿ ಇಲ್ಲಿ ಬಂದು ನಿಲ್ಲತಿದ್ವಿ. ನನ್ನ ಒಬ್ಬನ್ನ ಬಿಟ್ರಿ ನೀವು."

ಅವಳ ಬಳಿ ಒಂದೇ ಒಂದು ಸಮರ್ಥನೆಯೂ ಇರಲಿಲ್ಲ. ಹುಡುಕಲೂ ಇಲ್ಲ.

"ಹೌದು, ಬಿಟ್ಟೆ. ನಿಮ್ಮ ಕಣ್ಣಲ್ಲಿ ಸಣ್ಣವಳಾಗಿಬಿಡ್ತೀನಿ ಅಂತ ಹೆದರಿದೆ. ಹೆದರಿ ಇನ್ನೂ ಸಣ್ಣವಳಾದೆ. ಪಿನ್ ತೆಗೆಸಿದೀನಿ. ಆಫೀಸಲ್ಲಿ ಬರೆದು ಕೊಟ್ಟಿದೀನಿ, ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ." ಅವಳು ಉಸಿರೆಳೆದುಕೊಂಡಳು. "ಇನ್ನೊಂದಿದೆ. ನಿಮ್ಮನ್ನ ಪ್ರೀತಿಸ್ತೀನಿ ಅನ್ನೋ ಯೋಗ್ಯತೆ ಇವತ್ತು ನಂಗಿಲ್ಲ. ಆದ್ರೆ ಇನ್ನು ಏನನ್ನೂ ಮುಚ್ಚಿಡಲ್ಲ ಅಂತ ಬಂದಿದೀನಿ. ಅದಕ್ಕೆ ಅದನ್ನೂ ಹೇಳಿಬಿಟ್ಟೆ."

ಅವನು ಮುಖ ಆ ಕಡೆ ತಿರುಗಿಸಿದ. ಕೆಳಗೆ ನೀರಿನ ಸದ್ದು.

"ನಂಗ ಸಿಟ್ಟು ಇನ್ನೂ ಹೋಗಿಲ್ಲ, ವೇದಾ."

"ಹೋಗಬೇಕು ಅಂತ ನಾನು ಕೇಳ್ತಿಲ್ಲ."

ಅವಳು ಬಗ್ಗಿ, ನೆಲದ ಮೇಲಿದ್ದ ತಂತಿಯ ತುದಿ ಎತ್ತಿಕೊಂಡಳು. ಅಂಗೈಗೆ ಮುಳ್ಳು ಚುಚ್ಚಿತು. ಬಿಡಲಿಲ್ಲ.

ಅವನು ತನ್ನ ಕೈಗವಸು ಕಳಚಿ ಅವಳತ್ತ ಚಾಚಿದ. ಮಧ್ಯಾಹ್ನದ ತನಕ ಇಬ್ಬರೂ ಬೇಲಿ ಕಟ್ಟಿದರು. ಮಾತೆಲ್ಲ 'ಎಳೀರಿ', 'ಸಾಕು', 'ಇಲ್ಲಿ' ಅಷ್ಟೇ. ಡೋರೀನ್ ಮೇಲಿನಿಂದ ಒಮ್ಮೆ ಬಂದು, ಎರಡು ಮಗ್ ಚಹಾ ಕಂಬದ ಬುಡದಲ್ಲಿಟ್ಟು ಹೋದಳು.

ಎರಡು!

ಅದನ್ನು ನೋಡಿ ವೇದಾವತಿಗೆ ತಡೆಯಲಾಗಲಿಲ್ಲ. ಬೇಲಿಯತ್ತ ಮುಖ ಮಾಡಿ ಅತ್ತುಬಿಟ್ಟಳು. ಸದ್ದಾಗದಂತೆ ಅತ್ತರೂ ಅವನಿಗೆ ಕೇಳಿಸಿತು. ಹತ್ತಿರ ಬಂದು ನಿಂತ.

"ಯಾವಾಗ ಐತಿ ವಾಪಸ್ ಫ್ಲೈಟು?"

"ಬುಕ್ ಮಾಡಿಲ್ಲ."

"ಯಾಕ?"

"ನೀವು ಹೋಗು ಅಂದ್ಮೇಲೆ ಮಾಡೋಣ ಅಂತ..."

ಅವನು ಮಗ್ ಎತ್ತಿ ಅವಳ ಕೈಗೆ ಕೊಟ್ಟ. ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಚಾ ಆರತೈತಿ, ಕುಡಿ. ಇನ್ನೂ ಎಂಟು ಕಂಬ ಅದಾವು... ನಾ ಒಬ್ಬನ ಮಾಡಿದ್ರ ಎರಡು ಶನಿವಾರ ಬೇಕು."

ವೇದಾವತಿ ಕಣ್ಣೀರಿನಲ್ಲೇ ತಲೆಯೆತ್ತಿದಳು.

"ಈಗ... 'ಕುಡೀರಿ' ಅನ್ನದೆ 'ಕುಡಿ' ಅಂದ್ರಾ ನಂಗೆ?"

"ಅಂದೆ."

"ಇನ್ನೊಂದ್ಸಲ ಅನ್ನಿ."

ಅವನ ತುಟಿಯಂಚಿನಲ್ಲಿ ನಗು ಮೂಡುತ್ತಿತ್ತು. ಅವಳ ಕೆನ್ನೆಗಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ.

"ಅಳಬ್ಯಾಡ, ವೇದಾ," ಎಂದ ಮೆಲ್ಲಗೆ. "ನೀ ಹೋಗು ಅಂತ ನಾ ಅನ್ನಂಗಿಲ್ಲ."