ಬಿಸಿಲು ಮುಚ್ಚಿದವಳು

“ಇಳೀರಿ ಕೆಳಗ! ನಮ್ಮವ್ವನ್ನ ಮಣ್ಣು ಮಾಡಿ ಬಂದೇವಿ. ಈಗ ಬಂದು ಏನ್ ರಿಪೇರಿ ಮಾಡ್ತೀರಿ?”

ನಲಿನಿಯ ಕೂಗಿಗೆ ಮಾಳಿಗೆಯ ಮೇಲಿದ್ದ ಮೈಲೇಶ ಬೆಚ್ಚಿಬಿದ್ದ. ಸೋಲಾರ್ ಪ್ಯಾನೆಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ, ತಲೆ ಎತ್ತದೆ ಹೇಳಿದ.

“ಬ್ಯಾಟರಿ ಕೆಟ್ಟಿತ್ರಿ. ನಾನ ನೋಡಿ ಹಾಕಬೇಕಿತ್ತು. ತಪ್ಪು ನಂದ.”

ಕುಪ್ಪೇಲೂರಿನಾಚೆ, ಕರೆಂಟಿನ ಕಂಬವೇ ಬಾರದ ಹೊಲದ ಮನೆ ಅದು. ದಮ್ಮಿನ ಕಾಯಿಲೆಯ ಅವ್ವನಿಗೆ ಹೊಗೆ ಆಗದೆಂದು ಸೋಲಾರ್ ಒಲೆ ಹಾಕಿಕೊಟ್ಟವನು ಇದೇ ಮೈಲೇಶ. ಆಮೇಲೂ ಒಲೆ ನೋಡುವ ನೆಪ ಮಾಡಿಕೊಂಡು ರಾಣೆಬೆನ್ನೂರಿನಿಂದ ಬರುತ್ತಿದ್ದ. ಅವನಿಗೆ ಚಹಾ ಇಡುವಾಗ ನಲಿನಿಯ ಮುಖ ಅರಳುತ್ತಿತ್ತು. ಅವ್ವ ನೋಡಿಯೂ ನೋಡದಂತೆ ಇರುತ್ತಿದ್ದಳು.

ಮೆಣಸಿನಕಾಯಿ ಸುಗ್ಗಿ ಬಂತು. ಒಲೆ ಬಿಸಿಯಾಗುವುದನ್ನೇ ಬಿಟ್ಟಿತು. ಮತ್ತೆ ಕಟ್ಟಿಗೆ, ಮತ್ತೆ ಹೊಗೆ... ಫೋನ್ ಮಾಡಿದರೆ ಅವನು ದೂರದ ಕೆಲಸದಲ್ಲಿದ್ದ. ಅವನು ಬರುವಷ್ಟರಲ್ಲಿ ಅವ್ವ ಉಳಿಯಲಿಲ್ಲ.

ಅಂದೇ ನಲಿನಿ ಅವನನ್ನು ಮನಸ್ಸಿನಿಂದ ಕಿತ್ತೆಸೆದಳು. ಹಾಗಂದುಕೊಂಡಳು, ಪಾಪ!

ಅವನು ಪ್ಯಾನೆಲ್ ಒರೆಸಿ ಹೋದ ಮೇಲೆ ಒಲೆ ಸರಿಯಾಯಿತು. ಸಾವಿನ ಗದ್ದಲದಲ್ಲಿ ಯಾರೋ ಚೀಲಕ್ಕೆ ತುಂಬಿಟ್ಟಿದ್ದ ಮೆಣಸಿನಕಾಯಿಯನ್ನು ನಲಿನಿ ಎಂದಿನಂತೆ ಪ್ಯಾನೆಲ್ಲಿನ ಮೇಲೆ ಹರವಿದಳು. ಕಾದ ಗಾಜಿನ ಮೇಲೆ ಬೇಗ ಒಣಗುತ್ತದೆ, ಮಣ್ಣೂ ತಾಗುವುದಿಲ್ಲ. ಬ್ಯಾಡಗಿ ಪೇಟೆಯಲ್ಲಿ ಬಣ್ಣಕ್ಕೇ ಬೆಲೆ.

ಮರುದಿನ ಒಲೆ ತಣ್ಣಗಿತ್ತು.

ಅನುಮಾನ ಬಂದು ಮೆಣಸಿನಕಾಯಿ ತೆಗೆದಳು. ಬಿಸಿಲೇರಿದಂತೆ ಒಲೆ ಮತ್ತೆ ಕಾಯಿತು.

ಅಯ್ಯೋ... ಬಿಸಿಲು ಮುಚ್ಚಿದ್ದು ನಾನು! ಅವ್ವನನ್ನು ಹೊಗೆಗೆ ನೂಕಿದ್ದು ನಾನು!

ಅವಳ ಫೋನಿಗೆ ಮೈಲೇಶ ಓಡೋಡಿ ಬಂದ.

“ಪ್ಯಾನೆಲ್ ಒರಸುವಾಗ ನಿಮಗ ಗೊತ್ತಾಗಿತ್ತಲ್ಲ?”

“ಹೂಂ... ಗಾಜಿಗೆ ಬೀಜ ಅಂಟಿದ್ವು.”

“ಮತ್ಯಾಕ ಸುಳ್ಳು ಹೇಳಿದ್ರಿ?”

“ನನ್ನ ಮ್ಯಾಲ ಸಿಟ್ಟಿದ್ರ ನೀವು ಹೆಂಗರ ಬದುಕ್ತಿದ್ರಿ. ನಿಮ್ಮ ಮ್ಯಾಲ ನಿಮಗ ಸಿಟ್ಟು ಬಂದ್ರ...” ಅವನು ಮಾಳಿಗೆಯತ್ತ ನೋಡಿದ. “ಖರೇ ಅಂದ್ರ ತಪ್ಪು ನಂದೂ ಐತಿ. ಪ್ಯಾನೆಲ್ ಮ್ಯಾಲ ಏನೂ ಹರವಬ್ಯಾಡ್ರಿ ಅಂತ ಹೇಳಬೇಕಿತ್ತು. ಇಲ್ಲಿಗೆ ಬಂದ್ರ ನಿಮ್ಮನ್ನ ನೋಡೂದರಾಗ ಎಲ್ಲಾ ಮರೀತಿದ್ದೆ.”

ನಲಿನಿ ಗೋಡೆಗೊರಗಿ ಕುಳಿತಳು. ಪ್ರೀತಿ ಹೀಗೂ ಬಾಯಿಬಿಡುತ್ತದೆಯೇ? ಅಪ್ಪಿಕೊಳ್ಳುವಂತಿಲ್ಲ, ದೂಡುವಂತಿಲ್ಲ.

“ಇನ್ನ ನನ್ನ ಮುಖ ನೋಡಾಕ ನಿಮಗ ಆಗ್ತೈತೇನ್ರಿ?”

“ನಿನ್ನ ಬಿಟ್ಟು ಯಾರ ಮುಖ ನೋಡ್ಲಿ, ನಲಿನಿ?”

“ಅವ್ವ ನೆನಪಾದಾಗೆಲ್ಲ ಅಳ್ತೇನಿ...”

“ಅಳು. ನಾನೂ ಅಳ್ತೇನಿ. ಒಬ್ಬಾಕಿನ ಕುಂತು ಅಳಬ್ಯಾಡ, ಅಷ್ಟ.”