ಎರಡನೆಯ ಮಗ್ಗುಲು

ಇದು ಮಟಮಟ ಮಧ್ಯಾಹ್ನ ನಡೆದದ್ದು. ನಿದ್ದೆಗಣ್ಣಿನ ಮಾತೆನ್ನುವಂತಿಲ್ಲ.

ಗಂಡ ತೀರಿಕೊಂಡು ಏಳು ತಿಂಗಳಾದರೂ ಅವರ ಗೆಳೆಯರು ಭಾನುವಾರ ರೆಕಾರ್ಡು ಹಿಡಿದು ಬರುವುದನ್ನು ಬಿಟ್ಟಿರಲಿಲ್ಲ. ಈ ಮನೆಯಷ್ಟು ಒಳ್ಳೆಯ ಸೌಂಡು ಬೇರೆಲ್ಲೂ ಇಲ್ಲವಂತೆ. ನನಗೆ ಸಾಕುಸಾಕಾಗಿತ್ತು. ಪ್ಲೇಯರನ್ನೇ ಸಾಗಹಾಕೋಣವೆಂದು, ಅವರಲ್ಲಿ ಎಲ್ಲರೂ ‘ಕಿವಿ’ ಎಂದು ಕರೆಯುವವನನ್ನು ಅದನ್ನು ಒಯ್ಯಲು ಬರಹೇಳಿದೆ.

“ಕೊನೇ ಸಲ ಇಲ್ಲೇ ಕೇಳ್ಬಿಡ್ತೀನಿ ಅತ್ತಿಗೆ. ನಮ್ಮನೇಲಿ ಇದೇ ಹಾಡು ನೆಗಡಿ ಆದೋರು ಹಾಡಿದ ಹಾಗಿರತ್ತೆ,” ಎಂದು ಅವನು ತನ್ನ ರೆಕಾರ್ಡು ಹಾಕಿ, ಧೂಳು ಕೂರದಂತೆ ಮುಚ್ಚಳ ಮುಚ್ಚಿದ.

ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ರೆಕಾರ್ಡಿನ ಒಂದು ಮಗ್ಗುಲು ಮುಗಿದು ಸೂಜಿ ಟಕ್, ಟಕ್ ಎನ್ನತೊಡಗಿತು. ನಮ್ಮ ಸಂಸಾರದ ಜಗಳವೆಲ್ಲ ಈ ಸದ್ದಿನದೇ. ಅವರು ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತಿರುವರು. ನಾನು ಒದ್ದೆಗೈ ಒರೆಸಿಕೊಂಡು ಓಡಬೇಕು.

“ಪಕ್ಕದಲ್ಲೇ ಕೂತಿದೀರಲ್ಲ, ಎದ್ದು ಮಗುಚಿ ಹಾಕ್ಬಾರ್ದಾ?” ಹಳೆಯ ರೂಢಿಯಲ್ಲಿ ರೇಗಿದೆ.

ಟಕ್ ಟಕ್ ನಿಂತಿತು. ಮುಚ್ಚಳ ಎತ್ತಿದ ಸದ್ದು. ಸೂಜಿಯ ಮೇಲೆ ಉಫ್ ಎಂದು ಊದಿದ ಸದ್ದು. ಎರಡನೆಯ ಮಗ್ಗುಲು ಶುರುವಾಯಿತು.

“ಯಾರಿಗೆ ಬೈತಿದೀರಿ?” ಹಿತ್ತಿಲ ಬಾಗಿಲಲ್ಲಿ ಕಾರಿನ ಕೀ ಹಿಡಿದು ಕಿವಿ ನಿಂತಿದ್ದ. “ನಾನು ಗಾಡಿ ಹಿಂದಕ್ಕೆ ತರೋಕೆ ಹೋಗಿದ್ದೆ.”

ಇಬ್ಬರೂ ಒಳಗೆ ಹೋದೆವು. ಯಾರೂ ಇರಲಿಲ್ಲ. ಮುಚ್ಚಳ ಮುಚ್ಚಿತ್ತು, ಹಾಡು ನಡೆದಿತ್ತು. ಕುರ್ಚಿಯ ದಿಂಬು ಬೆಚ್ಚಗಿತ್ತು.

ಕಿವಿ ಪ್ಲೇಯರನ್ನು ಮುಟ್ಟಲಿಲ್ಲ. ತನ್ನ ರೆಕಾರ್ಡನ್ನೂ ಬಿಟ್ಟು ಹೋದ.

ನನಗೆ ಬಗೆಹರಿಯದ್ದು ಇಷ್ಟೇ. ಆರು ವರ್ಷದ ಸಂಸಾರದಲ್ಲಿ ನನ್ನ ಗಂಡ ಒಂದೇ ಒಂದು ಸಲವೂ ಎದ್ದು ರೆಕಾರ್ಡು ಮಗುಚಿದವರಲ್ಲ.