ಎರಡನೇ ಸಹಿ ಅವಳದೇಕೆ?

"ನನ್ನ ಸ್ಲೈಡ್‌ಗಳನ್ನ ಇನ್ಮೇಲೆ ನೀನು ನೋಡೋದು ಬೇಡ, ಧನ್ಯಾ."

ಕಲ್ಲೇಶ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಲೇ ಇಲ್ಲ. ಧನ್ಯಾ ಚಾಚಿದ್ದ ಕೈ ಹಾಗೇ ನಿಂತಿತು.

"ಮತ್ಯಾರು ನೋಡ್ತಾರೆ?"

"ಸೌಂದರ್ಯ."

ಸೌಂದರ್ಯ! ಮೂಡಿಗೆರೆಯಿಂದ ಬಂದು ಸೇರಿದವಳ ಹೊಸ ಕೋಟಿನ ಗಂಜಿ ಕೂಡ ಇನ್ನೂ ಹೋಗಿಲ್ಲ...

ಅದು 2004. ಚಿಕ್ಕಮಗಳೂರಿನ ಆ ಪುಟ್ಟ ಲ್ಯಾಬಿನಲ್ಲಿ ಒಬ್ಬರು ಎಣಿಸಿ ಜೋಡಿಸಿದ ಕ್ರೋಮೋಸೋಮ್‌ಗಳನ್ನು ಇನ್ನೊಬ್ಬರು, ಮೊದಲನೆಯವರನ್ನು ಒಂದು ಮಾತೂ ಕೇಳದೆ, ಮತ್ತೆ ನೋಡಿ ಸಹಿ ಹಾಕಬೇಕು. ಇಷ್ಟು ವರ್ಷ ಕಲ್ಲೇಶನ ಸಹಿಯ ಕೆಳಗೆ ಧನ್ಯಾಳದೇ ಸಹಿ. ಆ ಮೌನದಲ್ಲೇ ಅವಳು ಅವನನ್ನು ಪ್ರೀತಿಸಿದ್ದಳು.

ಈಗ ಅವನು ಸೈಟೋಜೆನೆಟಿಕ್ಸ್, ಅಂದರೆ ಈ ಕ್ರೋಮೋಸೋಮ್ ಪರೀಕ್ಷೆಯ, ಪರಿಣತನ ಪ್ರಮಾಣಪತ್ರಕ್ಕಾಗಿ ತನ್ನ ಕೆಲಸವನ್ನು ಕಳಿಸುವ ಹೊತ್ತು. ಈ ಹೊತ್ತಿಗೇ ತಾನು ಬೇಡವಾದೆನೇ?

ವಾರವಿಡೀ ಅವಳ ಕಣ್ಣು ಅತ್ತಲೇ. ಸೌಂದರ್ಯ ಕುರ್ಚಿ ಎಳೆದುಕೊಳ್ಳುವುದು, ಏನೋ ಪಿಸುಗುಡುವುದು, ಕಲ್ಲೇಶ್ ನಾಚಿ ನಗುವುದು...

'ನನ್ನೆದುರು ಅವನು ಯಾವತ್ತು ಹೀಗೆ ನಕ್ಕಿದ್ದ?'

ಶನಿವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಲ್ಲೇಶ್ ಆಲ್ದೂರಿನ ಬಸ್ಸಿಗೆ ಕಾಯುತ್ತಿದ್ದ. ಧನ್ಯಾ ನೇರ ಅವನೆದುರು ಹೋಗಿ ನಿಂತಳು.

"ಹೊಸ ಕಣ್ಣು ಸಿಕ್ಕಿದ್ಮೇಲೆ ಹಳೇದು ಮಂಜಾಯ್ತೇನೋ ಮಾರಾಯ!"

"ಹಂಗಲ್ಲ ಧನ್ಯಾ..."

"ನಾನು ಎಲ್ಲಿ ತಪ್ಪು ಎಣಿಸಿದೆ, ಹೇಳು. ಹೇಳ್ದೆ ಇದ್ರೆ ಸೋಮವಾರದಿಂದ ನಾನು ಲ್ಯಾಬಿಗೇ ಬರಲ್ಲ."

"ಆಲ್ದೂರು, ಆಲ್ದೂರು!" ಕಂಡಕ್ಟರ್ ಕೂಗಿದ. ಕಲ್ಲೇಶ್ ಹತ್ತಲಿಲ್ಲ.

"ಪ್ರಮಾಣಪತ್ರಕ್ಕೆ ಕಳಿಸೋ ಕೆಲ್ಸದಲ್ಲಿ ಎರಡನೇ ಸಹಿ ಮನೆಯವರದ್ದು ಆಗಬಾರ್ದು. ಸಂಬಂಧಿಕರಲ್ಲ, ಮುಂದೆ ಆಗೋರೂ ಅಲ್ಲ ಅಂತ ಬರ್ಕೊಡ್ಬೇಕು. ನಿನ್ನ ಬಗ್ಗೆ ಹಂಗೆ ಬರಿಯೋಕೆ... ಕೈ ಬರ್ಲಿಲ್ಲ."

ಧನ್ಯಾ ಒಂದು ಹೆಜ್ಜೆ ಹತ್ತಿರ ಬಂದಳು.

"ಅವ್ವಂಗೆ ಹೇಳಿದೀನಿ. ಸೌಂದರ್ಯಂಗೂ ಗೊತ್ತು. ಅದಕ್ಕೇ ದಿನಾ ನನ್ನ ಆಡ್ಕೊಂಡು ನಗ್ತಾಳೆ."

"ಊರಿಗೆಲ್ಲ ಹೇಳಿದೀಯ. ನನಗೆ?"

"ನೀನು ಇಲ್ಲ ಅಂದ್ಬಿಟ್ರೆ ಅಂತ ಹೆದರಿಕೆ ಇತ್ತು. ಈಗ ಕೇಳ್ತಿದೀನಿ... ನನ್ನ ಮದುವೆ ಆಗ್ತೀಯಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟು ಉರ್ಕೊಂಡೆ ಗೊತ್ತಾ ಈ ವಾರ! ...ಹ್ಞೂಂ. ಆಗ್ತೀನಿ."

ಬಸ್ಸು ಹೊರಟೇ ಹೋಯಿತು. ಇಬ್ಬರೂ ತಿರುಗಿ ನೋಡಲಿಲ್ಲ.

"ಮುಂದಿನ ವರ್ಷ ನಾನೂ ಪ್ರಮಾಣಪತ್ರಕ್ಕೆ ಹಾಕ್ತೀನಿ. ಆಗ ನನ್ನ ಸ್ಲೈಡ್ ಯಾರು ನೋಡ್ತಾರೆ?"

"ಸೌಂದರ್ಯಾನೇ."

"ಮತ್ತೆ ಅವಳೇನಾ!"

"ಇನ್ನೂ ಹೊಟ್ಟೆಕಿಚ್ಚಾ?"

"ಹ್ಞೂಂ," ಎಂದಳು ಧನ್ಯಾ, ಅವನ ತೋಳು ಹಿಡಿದು. "ಇರ್ಲಿ ಬಿಡು... ಸ್ವಲ್ಪ ಇರ್ಲಿ."